ಪಕ್ಷ ಬಿಟ್ಟ ಸೆನೆಟರ್ ಕಟ್ಟಿದ ಸಣ್ಣ ಪಕ್ಷ ಯಾಕ ನಿಲ್ಲಲಿಲ್ಲ? ನಮ್ಮಲ್ಲಿ ಆದ್ರ ಕಾನೂನು ಏನು?

ಗುಮ್ಮಟದೂರು (ವಿಜಯಪುರ) ಕೇಳಿದ್ದು:

ಎಲ್ಲಾರಿಗೂ ಶರಣು. ರಾಜ್ಯಶಾಸ್ತ್ರ ಎಂ.ಎ. ಸೆಮಿನಾರಿಗೆ ಬಲಪಂಥೀಯ ಪಕ್ಷಗಳಿಂದ ಒಡೆದು ಬಂದ ಸಣ್ಣ ಪಕ್ಷಗಳ ವಿಷಯ ತಗೊಂಡೀನಿ. ಮುಖ್ಯ ಉದಾಹರಣೆ ಆಸ್ಟ್ರೇಲಿಯಾದ ಫ್ರೇಸರ್ ಆನಿಂಗ್. ವನ್ ನೇಷನ್ ಪಕ್ಷದಿಂದ ಸೆನೆಟ್‌ಗೆ ಹೋದ್ರು, ಅದನ್ನ ಬಿಟ್ರು, ಕ್ಯಾಟರ್ಸ್ ಆಸ್ಟ್ರೇಲಿಯನ್ ಪಾರ್ಟಿ ಸೇರಿದ್ರು, ಅವರೂ ಹೊರಗ ಹಾಕಿದ ಮ್ಯಾಲೆ 2019ರಾಗ ತಮ್ಮ ಹೆಸರಿನ ಮ್ಯಾಲೇ ಕನ್ಸರ್ವೇಟಿವ್ ನ್ಯಾಷನಲ್ ಪಾರ್ಟಿ ಕಟ್ಟಿದ್ರು. ಮರುವರ್ಷ ಸೆಪ್ಟೆಂಬರ್ ಅನ್ನೂದ್ರಾಗ ಪಕ್ಷದ ನೋಂದಣಿನೂ ಉಳಿಲಿಲ್ಲ.

ನನಗ ತಿಳೀಬೇಕಾಗಿದ್ದು ಇಷ್ಟು. ಎರಡು ಸಲ ಪಕ್ಷ ಬದಲಾದ್ರೂ ಅವರ ಸೀಟು ಯಾಕ ಹೋಗಲಿಲ್ಲ? ಸೀಟು ಕೈಯಾಗ ಇಟ್ಕೊಂಡೂ ಪಕ್ಷ ಇಷ್ಟು ಲಗೂ ಯಾಕ ಬಿತ್ತು? ಮತ್ತ ನಮ್ಮಲ್ಲಿ ಉಚ್ಚಾಟನೆ ಆದ ಶಾಸಕರೋ ಮಾಜಿ ರಾಜ್ಯಸಭಾ ಸದಸ್ಯರೋ ಹೊಸ ಪಕ್ಷ ಕಟ್ಟಬೇಕಂದ್ರ ಕಾಗದಪತ್ರದಿಂದ ಹಿಡಿದು ಚಿಹ್ನೆ ತನಕ ಏನೇನು ಮಾಡಬೇಕು, ಎಲ್ಲೆಲ್ಲಿ ತಪ್ಪತೈತಿ? ಉಚ್ಚಾಟನೆ ಸುದ್ದಿ ಬಂದಾಗೆಲ್ಲಾ ನಮ್ಮೂರಾಗ ಗಾಂಧಿ ಚೌಕದ ಚಹಾದಂಗಡಿ ತನಕ ಇದೇ ಮಾತು. ಆದ್ರ ನಿಯಮ ಹಿಡಿದು ಮಾತಾಡವರು ಕಡಿಮಿ. ಯಾವ ಪಕ್ಷ ಚಲೋ, ಯಾವುದು ಕೆಟ್ಟದ್ದು ಅನ್ನೂ ವಾದ ಇಲ್ಲಿ ಬ್ಯಾಡ್ರಿ.

ಘಟಪ್ರಭಾ ದಂಡೆ (ಗೋಕಾಕ) ಉತ್ತರ:

ಆಸ್ಟ್ರೇಲಿಯಾದ ಭಾಗ ನಾನು ಬರೆಯುತ್ತೇನೆ.

ಸೀಟು ಹೋಗದ್ದಕ್ಕೆ ಕಾರಣ ಸರಳ. ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಪಕ್ಷಾಂತರ ನಿಷೇಧ ಕಾನೂನು ಇಲ್ಲ. ಗೆದ್ದವರು ಪಕ್ಷ ಬಿಟ್ಟರೂ, ಪಕ್ಷವೇ ಅವರನ್ನು ಬಿಟ್ಟರೂ, ಅವಧಿ ಮುಗಿಯುವ ತನಕ ಸೀಟು ಅವರದ್ದೇ. ಸೆನೆಟರ್‌ಗಳ ಅವಧಿ ಸಾಮಾನ್ಯವಾಗಿ ಆರು ವರ್ಷ. ಸೀಟು ಕಳೆಯುವುದು ಅಲ್ಲಿನ ಸಂವಿಧಾನದ 44ನೇ ವಿಧಿಯಿಂದ: ಬೇರೆ ದೇಶದ ಪೌರತ್ವ, ದಿವಾಳಿತನ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ, ಇಂಥವು. ಆನಿಂಗ್ ಸೆನೆಟ್‌ಗೆ ಬಂದದ್ದೇ ಈ ವಿಧಿಯ ದಾರಿಯಲ್ಲಿ. 2016ರ ಚುನಾವಣೆಯಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವನ್ ನೇಷನ್ ಪಟ್ಟಿಯಲ್ಲಿ ಪಾಲಿನ್ ಹ್ಯಾನ್ಸನ್ ಮೊದಲು, ಮಾಲ್ಕಮ್ ರಾಬರ್ಟ್ಸ್ ಎರಡನೆಯವರು, ಆನಿಂಗ್ ಮೂರನೆಯವರು. ಮೊದಲಿಬ್ಬರು ಗೆದ್ದರು. 2017ರ ಅಕ್ಟೋಬರ್‌ನಲ್ಲಿ ದ್ವಿಪೌರತ್ವದ ಕಾರಣಕ್ಕೆ ರಾಬರ್ಟ್ಸ್ ಆಯ್ಕೆಯನ್ನು ಹೈಕೋರ್ಟ್ ಅಸಿಂಧು ಮಾಡಿತು (ಅಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೇ ಹೈಕೋರ್ಟ್ ಎನ್ನುತ್ತಾರೆ). ಮರುಎಣಿಕೆಯಲ್ಲಿ ಆ ಸ್ಥಾನ ಆನಿಂಗ್‌ಗೆ ಬಂತು.

ಸೆಮಿನಾರಿನಲ್ಲಿ ಒಂದು ಅಂಕಿಯನ್ನು ಬಿಡಬೇಡಿ. 2016ರಲ್ಲಿ ಆನಿಂಗ್ ಹೆಸರಿನ ಮುಂದೆ ಮೊದಲ ಪ್ರಾಶಸ್ತ್ಯ (ಅಂಕಿ 1) ಬರೆದ ಮತಗಳು 19. ರಾಬರ್ಟ್ಸ್‌ಗೆ 77. ಅದೇ ಹೊತ್ತಿಗೆ ಆ ರಾಜ್ಯದಲ್ಲಿ ವನ್ ನೇಷನ್ ಪಕ್ಷಕ್ಕೆ ಬಿದ್ದದ್ದು ಶೇ 9ರಷ್ಟು. ಸೆನೆಟ್ ಮತಪತ್ರದಲ್ಲಿ ಅಡ್ಡ ಗೆರೆ ಇರುತ್ತದೆ. ಗೆರೆಯ ಮೇಲೆ ಪಕ್ಷಗಳು, ಕೆಳಗೆ ಒಬ್ಬೊಬ್ಬ ಅಭ್ಯರ್ಥಿ. ಬಹುಪಾಲು ಮತದಾರರು ಮೇಲೆಯೇ ಅಂಕಿ ಬರೆದು ಮುಗಿಸುತ್ತಾರೆ. ಹಾಗಾಗಿ ಆ ಸೀಟನ್ನು ತಂದದ್ದು ವನ್ ನೇಷನ್ ಹೆಸರು ಮತ್ತು ಹ್ಯಾನ್ಸನ್ ಹೆಸರು. ಪಕ್ಷ ಬಿಟ್ಟ ದಿನ ಸೀಟು ಆನಿಂಗ್ ಜೊತೆ ಹೋಯಿತು, ಮತ ಹ್ಯಾನ್ಸನ್ ಹತ್ತಿರ ಉಳಿಯಿತು. ನಿಮ್ಮ ಎರಡನೇ ಪ್ರಶ್ನೆಗೆ ಮುಕ್ಕಾಲು ಉತ್ತರ ಇದೇ.

ಉಳಿದ ಕಾಲು ಭಾಗ ಲೆಕ್ಕದ್ದು. 2016ರದ್ದು ಎರಡೂ ಸದನ ವಿಸರ್ಜನೆ ಆಗಿ ನಡೆದ ಚುನಾವಣೆ. ರಾಜ್ಯಕ್ಕೆ 12 ಸೀಟು, ಗೆಲ್ಲುವ ಕೋಟಾ (ಒಂದು ಸೀಟಿಗೆ ಬೇಕಾದ ಮತದ ಪಾಲು) ಸುಮಾರು ಶೇ 7.7. 2019ರ ಮೇ 18ರದ್ದು ಅರ್ಧ ಸೆನೆಟ್ ಚುನಾವಣೆ. ರಾಜ್ಯಕ್ಕೆ 6 ಸೀಟು, ಕೋಟಾ ಶೇ 14.3. ಅಂದರೆ ಮೆಟ್ಟಿಲು ಹೆಚ್ಚುಕಡಿಮೆ ಎರಡು ಪಟ್ಟು ಎತ್ತರವಾಗಿತ್ತು. ಮೇಲಾಗಿ 2016ರಿಂದ ಪ್ರಾಶಸ್ತ್ಯ ಹಂಚುವ ಹಕ್ಕು ಪಕ್ಷಗಳ ಕೈತಪ್ಪಿ ಮತದಾರರ ಕೈಗೆ ಬಂದಿದೆ. ಅದಕ್ಕೂ ಮುಂಚೆ ಸಣ್ಣ ಪಕ್ಷಗಳು ತಮ್ಮೊಳಗೇ ಪ್ರಾಶಸ್ತ್ಯದ ಒಪ್ಪಂದ ಮಾಡಿಕೊಂಡು ಗೆಲ್ಲಬಹುದಿತ್ತು. 2013ರಲ್ಲಿ ವಿಕ್ಟೋರಿಯಾದಲ್ಲಿ ರಿಕಿ ಮ್ಯೂರ್ ಶೇ 0.51 ಮೊದಲ ಪ್ರಾಶಸ್ತ್ಯದಲ್ಲೇ ಸೆನೆಟರ್ ಆದರು. ಆ ಬಾಗಿಲು ಮುಚ್ಚಿದ ಮೇಲೆ ಆನಿಂಗ್ ಪಕ್ಷ ಹುಟ್ಟಿದ್ದು. ಕ್ವೀನ್ಸ್‌ಲ್ಯಾಂಡ್ ಸೆನೆಟ್‌ನಲ್ಲಿ ಅದಕ್ಕೆ ಶೇ 2 ಕೂಡ ಬರಲಿಲ್ಲ. ಅದೇ ರಾಜ್ಯದಲ್ಲಿ ವನ್ ನೇಷನ್ ಶೇ 10 ದಾಟಿತು, ರಾಬರ್ಟ್ಸ್ ಮತ್ತೆ ಗೆದ್ದು ಬಂದರು. ಅಲ್ಲಿ ಶೇ 4 ಮುಟ್ಟದಿದ್ದರೆ ಠೇವಣಿಯೂ ಇಲ್ಲ, ಮತಕ್ಕೆ ಇಷ್ಟೆಂದು ಸರ್ಕಾರ ಕೊಡುವ ಚುನಾವಣಾ ಹಣವೂ ಇಲ್ಲ. ಠೇವಣಿ ಒಬ್ಬ ಅಭ್ಯರ್ಥಿಗೆ 2,000 ಡಾಲರ್. ಎಷ್ಟು ಹೆಚ್ಚು ಜನರನ್ನು ನಿಲ್ಲಿಸಿದರೋ ಅಷ್ಟು ಕೈ ಸುಡುತ್ತದೆ.

ಮಾತಿನ ಪಾತ್ರವನ್ನೂ ಬರೆಯಲೇಬೇಕು. 2018ರ ಆಗಸ್ಟ್‌ನ ಮೊದಲ ಸೆನೆಟ್ ಭಾಷಣದಲ್ಲಿ ವಲಸೆಯ ಬಗ್ಗೆ ಮಾತಾಡುತ್ತಾ ಆನಿಂಗ್ ನಾಜಿಗಳ ‘ಅಂತಿಮ ಪರಿಹಾರ’ ಎಂಬ ಪದವನ್ನೇ ಬಳಸಿದರು. ಅಕ್ಟೋಬರ್‌ನಲ್ಲಿ ಕ್ಯಾಟರ್ ಪಕ್ಷ ಅವರನ್ನು ಹೊರಹಾಕಿತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರ ಹತ್ಯೆ ಆದಾಗ ಮುಸ್ಲಿಂ ವಲಸೆಯೇ ಕಾರಣವೆಂದರು. ಸತ್ತವರ ಮೇಲೆಯೇ ಹೊಣೆ ಹೊರಿಸಿದ ಆ ಹೇಳಿಕೆ ಅಮಾನವೀಯ. ಏಪ್ರಿಲ್ 3ರಂದು ಸೆನೆಟ್ ಖಂಡನಾ ನಿರ್ಣಯ ಮಾಡಿತು. ಹೆಸರು ದೇಶವಿಡೀ ಗೊತ್ತಾಯಿತು, ಮತವಾಗಲಿಲ್ಲ.

ಹೋಲಿಕೆಗೆ ಇನ್ನಿಬ್ಬರನ್ನು ಸೇರಿಸಿ. ರಾಡ್ ಕಲ್ಟನ್ ವೆಸ್ಟರ್ನ್ ಆಸ್ಟ್ರೇಲಿಯಾದಿಂದ 2016ರಲ್ಲಿ ವನ್ ನೇಷನ್ ಸೆನೆಟರ್ ಆದವರು, ಅದೇ ಡಿಸೆಂಬರ್‌ನಲ್ಲಿ ಪಕ್ಷ ಬಿಟ್ಟರು, 2017ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅವರ ಆಯ್ಕೆಯೇ ಸಿಂಧುವಲ್ಲ ಎಂದಿತು. ಆಮೇಲೆ ‘ಗ್ರೇಟ್ ಆಸ್ಟ್ರೇಲಿಯನ್ ಪಾರ್ಟಿ’ ಕಟ್ಟಿದರು. ನೋಂದಣಿ ನಿಯಮದಲ್ಲಿ ಹಾಲಿ ಮತ್ತು ಮಾಜಿಗೆ ದೊಡ್ಡ ಅಂತರವಿದೆ. ಸಂಸತ್ತಿನಲ್ಲಿ ಒಬ್ಬ ಹಾಲಿ ಸದಸ್ಯ ಇದ್ದರೂ ಸಾಕು, ಸದಸ್ಯಬಲದ ಷರತ್ತು ಬರುವುದಿಲ್ಲ. ಮಾಜಿಗೆ ಆಗ 500 ಸದಸ್ಯರು ಬೇಕಿತ್ತು, 2021ರಿಂದ 1,500. ಅಲ್ಲಿನ ಚುನಾವಣಾ ಆಯೋಗ ಆ ಸದಸ್ಯರ ಪಟ್ಟಿಯಿಂದ ಕೆಲವು ಹೆಸರು ಆರಿಸಿ ಸಂಪರ್ಕಿಸಿ, ‘ನೀವು ಸದಸ್ಯರು ಹೌದೇ?’ ಎಂದು ಕೇಳುತ್ತದೆ. ಇಲ್ಲ ಎಂದವರು ಮಿತಿಗಿಂತ ಹೆಚ್ಚಾದರೆ ಅರ್ಜಿ ಬಿತ್ತು.

ಇನ್ನೊಬ್ಬರು ಕೋರಿ ಬರ್ನಾರ್ಡಿ. ಲಿಬರಲ್ ಪಕ್ಷದಿಂದ 2016ರಲ್ಲಿ ಮರುಆಯ್ಕೆಯಾಗಿ, 2017ರ ಫೆಬ್ರುವರಿಯಲ್ಲಿ ಹೊರಬಂದು ‘ಆಸ್ಟ್ರೇಲಿಯನ್ ಕನ್ಸರ್ವೇಟಿವ್ಸ್’ ಕಟ್ಟಿದರು. ಫ್ಯಾಮಿಲಿ ಫಸ್ಟ್ ಪಕ್ಷ ಅದರಲ್ಲಿ ವಿಲೀನವಾಯಿತು. ಇದಕ್ಕೆ ಆನಿಂಗ್ ಪಕ್ಷಕ್ಕಿಂತ ಸಂಘಟನೆ ಇತ್ತು, ಮಾತಿನಲ್ಲಿ ಹಿಡಿತ ಇತ್ತು. ಆದರೂ 2019ರಲ್ಲಿ ಒಂದೂ ಸೀಟು ಬರಲಿಲ್ಲ, ಜೂನ್‌ನಲ್ಲಿ ಅವರೇ ಮುಚ್ಚಿದರು. ಲಿಬರಲ್ ಪಕ್ಷದಲ್ಲಿ ಟರ್ನ್‌ಬುಲ್ ಹೋಗಿ ಮಾರಿಸನ್ ನಾಯಕರಾದ ಮೇಲೆ, ಸಿಟ್ಟಾಗಿದ್ದ ಸಂಪ್ರದಾಯವಾದಿ ಮತದಾರರಿಗೆ ಹಳೆ ಪಕ್ಷಕ್ಕೆ ಮರಳಲು ಕಾರಣ ಸಿಕ್ಕಿತ್ತು. ಒಡೆದು ಬಂದ ಪಕ್ಷ ಯಾವ ಸಿಟ್ಟಿನ ಮೇಲೆ ನಿಂತಿದೆಯೋ ಆ ಸಿಟ್ಟನ್ನು ಮೂಲ ಪಕ್ಷ ಯಾವಾಗ ಬೇಕಾದರೂ ತಣಿಸಬಹುದು. ನನ್ನ ಮಟ್ಟಿಗೆ ನಿಮ್ಮ ವಿಷಯಕ್ಕೆ ಆನಿಂಗ್‌ಗಿಂತ ಬರ್ನಾರ್ಡಿಯೇ ಹೆಚ್ಚು ಗಟ್ಟಿಯಾದ ಉದಾಹರಣೆ.

ಕೋಟೆ ಕೆರೆ ವಕೀಲ (ಬೆಳಗಾವಿ) ಉತ್ತರ:

ಪಕ್ಷಾಂತರದ ಭಾಗ ನನ್ನದು. ಇಲ್ಲಿ ಜನ ಎರಡು ಸಂಗತಿ ಕಲಸ್ತಾರ: ಪಕ್ಷ ಬಿಡೋದು ಬೇರೆ, ಪಕ್ಷ ಹೊರಗ ಹಾಕೋದು ಬೇರೆ.

ಪಕ್ಷಾಂತರ ತಡೆಯೋ ನಿಯಮ ಇರೋದು ಸಂವಿಧಾನದ ಹತ್ತನೇ ಅನುಸೂಚಿಯೊಳಗ. ಅದರ 2(1)(ಎ) ಪ್ರಕಾರ ಸದಸ್ಯತ್ವ ‘ಸ್ವಇಚ್ಛೆಯಿಂದ ತ್ಯಜಿಸಿದರೆ’ ಅನರ್ಹತೆ. ರಾಜೀನಾಮೆ ಪತ್ರ ಬರೆಯಲೇಬೇಕು ಅಂತಿಲ್ಲ. ನಡತೆಯಿಂದಲೇ ಹಾಗೆ ಊಹಿಸಬಹುದು ಅಂತ 1994ರ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತರ್ಕದ ಮೇಲೆ 2017ರ ಡಿಸೆಂಬರ್‌ನಲ್ಲಿ ಜೆಡಿಯುನ ಶರದ್ ಯಾದವ್ ರಾಜ್ಯಸಭಾ ಸ್ಥಾನ ಕಳಕೊಂಡರು. ಮರುವರ್ಷ ಲೋಕತಾಂತ್ರಿಕ ಜನತಾ ದಳ ಕಟ್ಟಿದರು, 2022ರಲ್ಲಿ ಅದು ಆರ್‌ಜೆಡಿಯೊಳಗ ವಿಲೀನ ಆಯಿತು. ಬಲಪಂಥದ ಪಕ್ಷ ಅಲ್ಲ. ಆದರೂ ‘ಮೇಲ್ಮನೆಯ ಮಾಜಿ ಸದಸ್ಯರ ಒಡಕು ಪಕ್ಷ’ ಅನ್ನೋದಕ್ಕೆ ನಮ್ಮ ದೇಶದೊಳಗ ಹತ್ತಿರದ ಉದಾಹರಣೆ ಇದು.

ಉಚ್ಚಾಟನೆ ಆದರೆ? ಸೀಟು ಉಳಿತದೆ, ಆದರೆ ಶಾಸಕ ಬಿಡುಗಡೆ ಆಗೋದಿಲ್ಲ. 1996ರ ಜಿ. ವಿಶ್ವನಾಥನ್ ಪ್ರಕರಣದ ತೀರ್ಪು: ಹೊರಹಾಕಿದ ಸದಸ್ಯನೂ ಅನುಸೂಚಿಯ ಲೆಕ್ಕಕ್ಕೆ ತನ್ನನ್ನು ನಿಲ್ಲಿಸಿದ ಪಕ್ಷಕ್ಕೇ ಸೇರಿದವನು, ಇನ್ನೊಂದು ಪಕ್ಷ ಸೇರಿದರೆ ಹಳೆ ಪಕ್ಷ ಸ್ವಇಚ್ಛೆಯಿಂದ ಬಿಟ್ಟಂತೆ. ತಮಿಳುನಾಡಿನ ಆ ಇಬ್ಬರು ಶಾಸಕರು ಎಐಎಡಿಎಂಕೆಯಿಂದ ಉಚ್ಚಾಟಿತರಾಗಿ ಎಂಡಿಎಂಕೆ ಸೇರಿದ್ದರು, ಸೀಟು ಹೋಯಿತು. ಈ ತೀರ್ಪು ಮರುಪರಿಶೀಲಿಸಬೇಕೆಂಬ ವಾದ ಅಮರ್ ಸಿಂಗ್, ಜಯಪ್ರದಾ ಪ್ರಕರಣದೊಳಗ ದೊಡ್ಡ ಪೀಠಕ್ಕೆ ಹೋಗಿತ್ತು. ಅವರ ಅವಧಿ ಮುಗಿದಿದ್ದರಿಂದ 2016ರಲ್ಲಿ ಪೀಠ ಉತ್ತರ ಕೊಡದೇ ಮುಗಿಸಿತು. ಹಾಗಾಗಿ 1996ರ ಮಾತೇ ನಿಂತಿದೆ.

ಇದನ್ನ ನಿಮ್ಮೂರಿಗೆ ಹಚ್ಚಿ ನೋಡ್ರಿ. ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರನ್ನ 2025ರ ಮಾರ್ಚ್‌ನಲ್ಲಿ ಬಿಜೆಪಿ ಆರು ವರ್ಷಕ್ಕೆ ಉಚ್ಚಾಟಿಸಿತು. ಅದರಿಂದ ಶಾಸಕತ್ವಕ್ಕೆ ಏನೂ ಆಗೋದಿಲ್ಲ. ಆದರೆ ಅಂಥ ಸ್ಥಿತಿಯಲ್ಲಿರೋ ಯಾವುದೇ ಶಾಸಕ ಹೊಸ ಪಕ್ಷದ ಅಧ್ಯಕ್ಷ ಅಂತ ಚುನಾವಣಾ ಆಯೋಗದ ಅರ್ಜಿಗೆ ಸಹಿ ಹಾಕಿದರೆ, ಆ ಸಹಿಯೇ ಸ್ಪೀಕರ್ ಮುಂದೆ ಸಾಕ್ಷಿ. ಇದರಿಂದಲೇ ಇಲ್ಲಿ ಅನೇಕರು ಮೊದಲು ‘ಬ್ರಿಗೇಡ್’, ‘ವೇದಿಕೆ’, ‘ಸೇನೆ’ ಅಂತ ಸಂಘಟನೆ ಮಾಡ್ತಾರ, ಪಕ್ಷದ ಅರ್ಜಿಯನ್ನ ಸದನದ ಹೊರಗಿನವರ ಹೆಸರಿನಲ್ಲಿ ಇಡ್ತಾರ. ಇಲ್ಲವೇ ಮೊದಲು ಸೀಟಿಗೇ ರಾಜೀನಾಮೆ. ಯಡಿಯೂರಪ್ಪ 2012ರ ನವೆಂಬರ್ ಕೊನೆಗೆ ಬಿಜೆಪಿಗೂ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟೇ ಡಿಸೆಂಬರ್ 9ಕ್ಕೆ ಹಾವೇರಿಯೊಳಗ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಸಮಾವೇಶ ಮಾಡಿದ್ದು.

‘ಮೂರರಲ್ಲಿ ಒಂದು ಭಾಗ ಶಾಸಕರು ಬಂದರೆ ಒಡಕು ಸಿಂಧು’ ಅನ್ನೋ ಮಾತು ಇನ್ನೂ ಕೇಳಿಬರ್ತದೆ. ಅದು 2003ರ 91ನೇ ತಿದ್ದುಪಡಿಯಿಂದ ಹೋಗಿದೆ. ಈಗ ಉಳಿದದ್ದು ವಿಲೀನ, ಅದಕ್ಕೆ ಮೂರರಲ್ಲಿ ಎರಡು ಭಾಗ ಬೇಕು. ಮಾಜಿಗಳಿಗೆ ಈ ಯಾವ ಕಟ್ಟೂ ಇಲ್ಲ. ಆದರೆ ಒಂದು ಕೊರತೆ ಐತಿ: ಆಸ್ಟ್ರೇಲಿಯಾದ ಸೆನೆಟರ್ ಇಡೀ ರಾಜ್ಯದ ಜನರ ಮತದಿಂದ ಬಂದವರು, ನಮ್ಮ ರಾಜ್ಯಸಭಾ ಸದಸ್ಯರು ಶಾಸಕರ ಮತದಿಂದ ಬಂದವರು. ಬೂತ್ ಮಟ್ಟದೊಳಗ ಅವರ ಹೆಸರಿಗೆ ಒಂದು ಪಟ್ಟಿಯೂ ಇರೋದಿಲ್ಲ.

ಮಲಪ್ರಭಾ ಪಾತ್ರ (ಬಾದಾಮಿ) ಉತ್ತರ:

ನೋಂದಣಿ ಕಾಗದದ ಬಗ್ಗೆ ಹೇಳ್ತೀನ್ರಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಎದುರಿಗೆ ಇಟ್ಕೊಂಡು ಓದ್ರಿ.

ಮೊದಲನೇ ಗಡುವು: ಪಕ್ಷ ಸ್ಥಾಪನೆ ಆದ ದಿನದಿಂದ 30 ದಿನದೊಳಗ ಅರ್ಜಿ ದಿಲ್ಲಿಯ ನಿರ್ವಾಚನ ಸದನಕ್ಕ (ಚುನಾವಣಾ ಆಯೋಗದ ಕಚೇರಿಗೆ) ಮುಟ್ಟಬೇಕು. ಬಹಳ ಮಂದಿ ಇಲ್ಲೇ ಎಡವತಾರ. ದೊಡ್ಡ ಸಮಾವೇಶ ಮಾಡಿ, ಧ್ವಜ ಹಾರಿಸಿ, ‘ಇವತ್ತು ಪಕ್ಷ ಸ್ಥಾಪನೆ’ ಅಂತ ಘೋಷಣಾ ಮಾಡಿಬಿಡ್ತಾರ. ಆಮ್ಯಾಲೆ ಪ್ರಮಾಣಪತ್ರ ಕೂಡಿಸೂದ್ರಾಗ ಒಂದೂವರೆ ತಿಂಗಳು. ಪೇಪರಿನ್ಯಾಗ ಬಂದ ತಾರೀಖು ಒಂದು, ಅರ್ಜಿಯಾಗಿನ ತಾರೀಖು ಇನ್ನೊಂದು ಆದ್ರ ಆಕ್ಷೇಪಣೆಗೆ ದಾರಿ ಆಗತೈತಿ. ಮೊದಲು ಕಾಗದ ಎಲ್ಲಾ ಸಿದ್ಧ ಮಾಡ್ರಿ, ಆಮ್ಯಾಲೆ ಸ್ಥಾಪನಾ ಸಭಾ ಕರೀರಿ, ನಡಾವಳಿ ಬರೀರಿ, ಅದೇ ವಾರ ಅರ್ಜಿ ಕಳಸ್ರಿ.

ಅರ್ಜಿ ಜೋಡಿ 10,000 ರೂಪಾಯಿ ಡಿಮಾಂಡ್ ಡ್ರಾಫ್ಟ್, ಅದು ವಾಪಸ್ ಬರೂದಿಲ್ಲ. ಪಕ್ಷದ ಸಂವಿಧಾನದ ಮುದ್ರಿತ ಪ್ರತಿ, ಪ್ರತಿ ಪುಟಕ್ಕೂ ಅಧ್ಯಕ್ಷರ ಇಲ್ಲಾ ಪ್ರಧಾನ ಕಾರ್ಯದರ್ಶಿ ಸಹಿ ಮತ್ತ ಶಿಕ್ಕಾ. ಕೊನೇ ಪುಟಕ್ಕಷ್ಟ ಸಹಿ ಮಾಡಿದ್ರ ನಡೆಯೂದಿಲ್ಲ. ಆ ಸಂವಿಧಾನದೊಳಗ 29ಎ(5) ಹೇಳೂ ಮಾತು ಇರಲೇಬೇಕು: ಭಾರತದ ಸಂವಿಧಾನಕ್ಕ, ಸಮಾಜವಾದ, ಧರ್ಮನಿರಪೇಕ್ಷತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ, ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆ ಕಾಯೂದು. ಎಡ ಇರಲಿ ಬಲ ಇರಲಿ, ಎಲ್ಲಾ ಪಕ್ಷಕ್ಕೂ ಇದು ಒಂದ. ‘ಸಮಾಜವಾದ ನಮಗ ಒಪ್ಪಿಗಿಲ್ಲ’ ಅಂತ ಒಂದು ಪದ ತಗದ್ರ ಅರ್ಜಿ ಮುಂದ ಹೋಗೂದಿಲ್ಲ. ಕಾಯ್ದೆಯಾಗಿನ ಶಬ್ದ ಹೆಂಗ ಅದಾವೋ ಹಂಗ ಇಳಿಸ್ರಿ.

ಪಕ್ಷದ ಒಳಗಿನ ಚುನಾವಣೆ ಹೆಂಗ, ಪದಾಧಿಕಾರಿ ಅವಧಿ ಎಷ್ಟು (ಐದು ವರ್ಷ ಮೀರಬಾರದು), ತಿದ್ದುಪಡಿ, ವಿಲೀನ, ವಿಸರ್ಜನೆ ಯಾರು ಮಾಡಬೇಕು, ಇವೆಲ್ಲಾ ಬರೀಬೇಕು. ಒಬ್ಬ ನಾಯಕರ ಸುತ್ತ ಹುಟ್ಟೂ ಪಕ್ಷದೊಳಗ ‘ಸಂಸ್ಥಾಪಕ ಅಧ್ಯಕ್ಷರು ಆಜೀವ, ಅವರ ಮಾತೇ ಅಂತಿಮ’ ಅಂತ ಬರಿಯೂ ಚಾಳಿ ಐತಿ. ಆಯೋಗ ಅದನ್ನ ಒಪ್ಪೂದಿಲ್ಲ, ತಿದ್ದಿ ತರ್ರಿ ಅಂತ ವಾಪಸ್ ಕಳಸತೈತಿ, ಎರಡು ತಿಂಗಳು ಅಲ್ಲೇ ಹೋಗತಾವು. ನೋಂದಣಿ ಆದ ಐದು ವರ್ಷದೊಳಗ ಚುನಾವಣೆಗೆ ನಿಲ್ತೀವಿ ಅನ್ನೂ ಕಲಮೂ ಬೇಕು.

ಎಲ್ಲಕ್ಕಿಂತ ಹೆಚ್ಚು ಬೆವರು ಇಳಿಸೂದು 100 ಸದಸ್ಯರ ಪ್ರಮಾಣಪತ್ರ. ಪ್ರತಿಯೊಬ್ರೂ ಮತದಾರರಾಗಿರಬೇಕು, ‘ಬ್ಯಾರೆ ಯಾವ ನೋಂದಾಯಿತ ಪಕ್ಷದ ಸದಸ್ಯನೂ ಅಲ್ಲ’ ಅಂತ ನೋಟರಿ ಮುಂದ ಪ್ರಮಾಣ ಮಾಡಬೇಕು. ಒಡೆದು ಬಂದ ಪಕ್ಷಕ್ಕ ಇದೇ ಬಿಕ್ಕಟ್ಟು: ಬರೂ ಕಾರ್ಯಕರ್ತರೆಲ್ಲಾ ಹಳೆ ಪಕ್ಷದ ಸದಸ್ಯತ್ವ ಅಭಿಯಾನದಾಗ ಮೊಬೈಲ್ ನಂಬರ್ ಕೊಟ್ಟು ಹೆಸರು ಹಚ್ಚಿದವರು. ಮೊದಲು ಹಳೆ ಪಕ್ಷಕ್ಕ ಬರಹದಾಗ ರಾಜೀನಾಮೆ ಕಳಿಸಿ ಪ್ರತಿ ಇಟ್ಕೋಬೇಕು, ಆಮ್ಯಾಲೆ ಪ್ರಮಾಣಪತ್ರ. ಉಲ್ಟಾ ಮಾಡಿದ್ರ ಸುಳ್ಳು ಪ್ರಮಾಣ ಆಗತೈತಿ.

ಎರಡನೇ ತೊಂದರೆ ಹೆಸರಿನದು. ಮತದಾರರ ಪಟ್ಟಿಯಾಗ ‘ಬಸಪ್ಪ’, ಆಧಾರದಾಗ ‘ಬಸವರಾಜ’, ಅಡ್ಡಹೆಸರು ಒಂದರಾಗ ಐತಿ ಇನ್ನೊಂದರಾಗ ಇಲ್ಲ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಕನ್ನಡ, ಮರಾಠಿ, ಇಂಗ್ಲಿಷ್ ಅಂತ ಕಾಗದಕ್ಕೊಂದು ಬರವಣಿಗಿ ಇರ್ತೈತಿ, ಅಲ್ಲಿ ಇನ್ನೂ ಹುಷಾರ್ ಇರಬೇಕು. ಪ್ರಮಾಣಪತ್ರದಾಗ ಮತದಾರರ ಪಟ್ಟಿಯಾಗಿದ್ದ ಹಂಗನೇ ಬರೀರಿ. ಕ್ಷೇತ್ರ, ಭಾಗ ಸಂಖ್ಯೆ, ಕ್ರಮಸಂಖ್ಯೆ ಹಾಕ್ರಿ. ಪಟ್ಟಿಯ ದೃಢೀಕೃತ ಪ್ರತಿ ತಹಶೀಲ್ದಾರ್ ಕಚೇರಿ ಚುನಾವಣಾ ಶಾಖೆಯಾಗ ಕೇಳ್ರಿ. 100 ಬೇಕಂದ್ರ 130 ಮಂದೀದು ಮಾಡಿಸಿಡ್ರಿ, ಪರಿಶೀಲನೆಯಾಗ ಒಂದಿಷ್ಟು ಬಿದ್ದೇ ಬೀಳತಾವು.

ಕಚೇರಿ ವಿಳಾಸಕ್ಕ ಜಾಗದ ಮಾಲೀಕರ ಒಪ್ಪಿಗಿ ಪತ್ರ. ಆಯೋಗದ ಪತ್ರ ಬರೂದು ಅದೇ ವಿಳಾಸಕ್ಕ, ಪತ್ರ ‘ವಿಳಾಸದಾರರು ಇಲ್ಲ’ ಅಂತ ವಾಪಸ್ ಹೋದ್ರ ಮುಂದ ಭಾಳ ತ್ರಾಸು. ಪರಿಶೀಲನೆ ಆದ ಮ್ಯಾಲೆ ಆಯೋಗ ಹೇಳಿದಾಗ ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಾಗ ಎರಡು ದಿನ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ 30 ದಿನ. ಒಂದೊಂದು ಚುನಾವಣೆ ಹೊತ್ತಿನ್ಯಾಗ ಇದನ್ನ 7 ದಿನಕ್ಕ ಇಳಿಸಿದ್ದೂ ಐತಿ, ಅದನ್ನ ನಂಬಿ ಲೆಕ್ಕ ಹಾಕಬ್ಯಾಡ್ರಿ. ಹೆಸರು ಇನ್ನೊಂದು ಪಕ್ಷದ ಹೆಸರಿಗೆ ಹತ್ತಿರ ಇದ್ರ, ಜಾತಿ ಧರ್ಮ ಸೂಚಿಸಿದ್ರ, ಇಲ್ಲೇ ತಡೀತೈತಿ. ಬದಲಿ ಹೆಸರು ಎರಡು ಮೂರು ಮೊದಲ ಯೋಚಿಸಿಡ್ರಿ.

ಹಸಿರು ಶಾಲು (ಬೈಲಹೊಂಗಲ) ಉತ್ತರ:

ನೋಂದಣಿ ಅಂದರೆ ಮಾನ್ಯತೆ ಅಲ್ಲ. ಹೊಸ ಪಕ್ಷಕ್ಕೆ ಸಿಗುವುದು ‘ನೋಂದಾಯಿತ, ಮಾನ್ಯತೆ ಇಲ್ಲದ’ ಪಟ್ಟಿ, ಅದರಲ್ಲಿ ಕಾಯಂ ಚಿಹ್ನೆ ಇಲ್ಲ. 1968ರ ಚಿಹ್ನೆಗಳ ಆದೇಶದ 10ಬಿ ಪ್ರಕಾರ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಕೇಳಬಹುದು. ವಿಧಾನಸಭೆಯ ಅವಧಿ ಮುಗಿಯುವ ಆರು ತಿಂಗಳು ಮುಂಚೆ ಅರ್ಜಿ ಶುರು. ಮುಕ್ತ ಚಿಹ್ನೆಗಳ ಪಟ್ಟಿಯಿಂದ 10 ಹೆಸರನ್ನು ಆದ್ಯತೆಯ ಕ್ರಮದಲ್ಲಿ ಕೊಡಬೇಕು. ಮೊದಲು ಬಂದವರಿಗೆ ಮೊದಲು. ಕನಿಷ್ಠ ಶೇ 5 ಕ್ಷೇತ್ರಗಳಲ್ಲಿ ಅಭ್ಯರ್ಥಿ ಹಾಕಬೇಕು; ನಮ್ಮ 224ಕ್ಕೆ ಅದು 12. ಸದ್ಯದ ವಿಧಾನಸಭೆಯ ಅವಧಿ 2028ರ ಮೇ ತನಕ ಇರುವುದರಿಂದ 2027ರ ನವೆಂಬರ್ ಹೊತ್ತಿಗೆ ನೋಂದಣಿ ಪ್ರಮಾಣಪತ್ರ ಕೈಯಲ್ಲಿ ಇರಬೇಕು. ತಡವಾದರೆ ಅಥಣಿಯಲ್ಲಿ ಒಂದು ಚಿಹ್ನೆ, ಇಂಡಿಯಲ್ಲಿ ಇನ್ನೊಂದು, ಜಮಖಂಡಿಯಲ್ಲಿ ಮತ್ತೊಂದು. ಗೋಡೆಬರಹವೂ ವ್ಯರ್ಥ, ನಾಯಕರ ಭಾಷಣವೂ ವ್ಯರ್ಥ. ಊರಲ್ಲಿ ಮತ ಬೀಳುವುದು ಚಿತ್ರ ನೋಡಿ.

ಹಳೆ ಪಕ್ಷದ ಚಿಹ್ನೆಯನ್ನೇ ಕೇಳಬಹುದೇ ಎಂದರೆ, ಆದೇಶದ 15ನೇ ಪ್ಯಾರಾ ಇರುವುದು ಮಾನ್ಯತೆ ಪಡೆದ ಪಕ್ಷ ಎರಡು ಬಣವಾಗಿ ‘ನಾವೇ ಮೂಲ’ ಎಂದು ಹೋರಾಡಿದಾಗ. 1971ರ ಸಾದಿಕ್ ಅಲಿ ಪ್ರಕರಣದಿಂದ ಸಂಘಟನೆ ಮತ್ತು ಶಾಸಕ, ಸಂಸದರ ಬಹುಮತ ನೋಡುತ್ತಾರೆ. ಒಬ್ಬಿಬ್ಬರು ಹೊರಬಂದರೆ ಅದು ಅನ್ವಯಿಸುವುದೇ ಇಲ್ಲ.

ನಾಮಪತ್ರದ ದಿನ ಆಗುವ ತಪ್ಪುಗಳು: ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಇವರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಒಬ್ಬರು ಪಕ್ಕದ ಕ್ಷೇತ್ರದವರಾದರೂ ನಾಮಪತ್ರ ತಿರಸ್ಕೃತ, ಅದಕ್ಕೇ ಎರಡು ಮೂರು ಪ್ರತಿ ಬೇರೆ ಬೇರೆ ಸೂಚಕರಿಂದ ಹಾಕಿ. ‘ಎ’ ನಮೂನೆ (ಪಕ್ಷದ ಪರ ಸಹಿ ಮಾಡುವವರು ಯಾರೆಂದು ತಿಳಿಸುವುದು) ಮತ್ತು ‘ಬಿ’ ನಮೂನೆ (ಪಕ್ಷದ ಅಭ್ಯರ್ಥಿ ಯಾರೆಂದು ತಿಳಿಸುವುದು) ನಾಮಪತ್ರದ ಕೊನೆ ದಿನ ಮಧ್ಯಾಹ್ನ 3ರೊಳಗೆ, ಮಸಿಯಲ್ಲಿ ಮಾಡಿದ ಸಹಿಯೊಂದಿಗೆ ಮುಟ್ಟಬೇಕು. ಜೆರಾಕ್ಸ್, ರಬ್ಬರ್ ಸ್ಟಾಂಪ್ ಸಹಿ, ವಾಟ್ಸಾಪ್ ಪ್ರತಿ ಯಾವುದೂ ನಡೆಯದು. ತಪ್ಪಿದರೆ ಸ್ಪರ್ಧೆ ಪಕ್ಷೇತರವಾಗಿ. ವಿಧಾನಸಭೆಗೆ ಠೇವಣಿ 10,000, ಪರಿಶಿಷ್ಟರಿಗೆ 5,000. ಸಿಂಧು ಮತದ ಆರನೇ ಒಂದು ಭಾಗ ದಾಟದಿದ್ದರೆ ಜಪ್ತಿ.

ಈಗ ಮತದ ಮಾತು. 2008ರಲ್ಲಿ ಬಿಜೆಪಿಗೆ ಶೇ 33.9 ಮತ, 110 ಸೀಟು. 2013ರಲ್ಲಿ ಬಿಜೆಪಿ ಶೇ 19.9, ಕೆಜೆಪಿ ಶೇ 9.8, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಶೇ 2.7. ಮೂರನ್ನೂ ಕೂಡಿಸಿ: ಶೇ 32.4. ಮತ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಸೀಟು ಮಾತ್ರ 40, 6, 4 ಕೂಡಿ 50ಕ್ಕೆ ಇಳಿಯಿತು. ಕಾಂಗ್ರೆಸ್ 122 ಗೆದ್ದಿತು. ಕೆಜೆಪಿಯ ಆರು ಸೀಟು ಶಿಕಾರಿಪುರ, ಹಿರೇಕೆರೂರು, ಬೈಲಹೊಂಗಲ, ಆಳಂದ, ಶಹಾಪುರ, ಬೀದರ್. ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರು ಜಿಲ್ಲೆಗಳಲ್ಲಿ ಕೆಜೆಪಿಯ ಚಿಹ್ನೆಯಾದ ತೆಂಗಿನಕಾಯಿ ಗೆದ್ದದ್ದು ನಮ್ಮ ಬೈಲಹೊಂಗಲದಲ್ಲಿ ಮಾತ್ರ. ಆನಿಂಗ್ ಪಕ್ಷಕ್ಕೂ ಕೆಜೆಪಿಗೂ ಇದೇ ವ್ಯತ್ಯಾಸ. ಯಡಿಯೂರಪ್ಪನವರ ಹೆಸರಿಗೆ ಸ್ವಂತ ಮತ ಇತ್ತು, ಶೇ 10ರ ಹತ್ತಿರ. ಅಷ್ಟಿದ್ದೂ ಮೊದಲು ಬಂದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಅದು ಇನ್ನೊಬ್ಬರನ್ನು ಸೋಲಿಸಲು ಸಾಕಾಯಿತು, ತಾನು ಗೆಲ್ಲಲು ಸಾಲಲಿಲ್ಲ. 2014ರ ಜನವರಿಯಲ್ಲಿ ಪಕ್ಷ ಬಿಜೆಪಿಗೆ ಮರಳಿತು. ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಕಟ್ಟಿದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2023ರಲ್ಲಿ ಗಂಗಾವತಿ ಒಂದನ್ನೇ ಗೆದ್ದು 2024ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿಯಿತು. ಇನ್ನೂ ಹಿಂದೆ ಹೋದರೆ 2004ರಲ್ಲಿ ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷ. ಕೈಯಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ, ರಾಜ್ಯವಿಡೀ ಓಡುವ ಲಾರಿ, ಸಂಸದರಾಗಿದ್ದ ಹೆಸರು, ಎಲ್ಲ ಇದ್ದೂ ಪಕ್ಷ ಬೇರು ಬಿಡಲಿಲ್ಲ.

ಗುಮ್ಮಟದೂರು (ವಿಜಯಪುರ):

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. 19 ಮತದ ಅಂಕಿ ಮತ್ತ 32.4ರ ಲೆಕ್ಕ ಎರಡೂ ಸೆಮಿನಾರಿಗೆ ಹಾಕ್ಕೋತೀನಿ. ಇನ್ನೊಂದು ಪ್ರಶ್ನೆ: ಮೊದಲ ನೋಂದಣಿ ಆಗಿ ಸುಮ್ಮನ ಕುಂತ ಹಳೆ ಪಕ್ಷ ತಗೊಂಡು ನಡೆಸಿದ್ರ ಈ ತ್ರಾಸೆಲ್ಲಾ ತಪ್ಪತೈತಲ್ಲಾ?

ಮಲಪ್ರಭಾ ಪಾತ್ರ (ಬಾದಾಮಿ):

ಕೆಜೆಪಿ ಹಂಗನೇ ಆಗಿದ್ರಿ. ಅದು 2011ರಾಗ ಬ್ಯಾರೆಯವರು ಕಟ್ಟಿದ ಪಕ್ಷ, 2012ರ ಡಿಸೆಂಬರಿಗೆ ಯಡಿಯೂರಪ್ಪ ಬಂದ್ರು. ಚುನಾವಣೆಗೆ ಐದು ತಿಂಗಳು ಇದ್ದಾಗ ಹೊಸ ನೋಂದಣಿ ನಂಬಿ ಕೂಡೂದು ಕಷ್ಟ ಇತ್ತು.

ಈಗ ಆ ದಾರಿ ಅಷ್ಟು ಸಲೀಸಿಲ್ಲ. 2019ರಿಂದ ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ ಪಕ್ಷಗಳನ್ನ ಆಯೋಗ ಪಟ್ಟಿಯಿಂದ ತಗದೈತಿ, 2025ರ ಆಗಸ್ಟ್‌ನಾಗ 334, ಸೆಪ್ಟೆಂಬರ್‌ನಾಗ 474. ತಗೋಳೂ ಮೊದಲು ಆ ಹೆಸರು ಪಟ್ಟಿಯಾಗ ಉಳದೈತೋ ಇಲ್ಲೋ ನೋಡ್ರಿ. ಉಳಿದಿದ್ರ ಅದರ ಲೆಕ್ಕಪತ್ರ ತಗಿಸ್ರಿ: ವರ್ಷಾ ವರ್ಷ ಲೆಕ್ಕಪರಿಶೋಧನೆ ಆಗೈತೇನು, 20,000 ರೂಪಾಯಿ ಮೀರಿದ ದೇಣಿಗಿಯ 24ಎ ನಮೂನೆ ಕೊಟ್ಟಾರೇನು, ವಿಧಾನಸಭಾ ಚುನಾವಣೆ ಆದ 75 ದಿನದೊಳಗ, ಲೋಕಸಭೆ ಆದ 90 ದಿನದೊಳಗ ಖರ್ಚಿನ ವಿವರ ಹೋಗೈತೇನು, ಆದಾಯ ತೆರಿಗೆ ರಿಟರ್ನ್ ಐತೇನು. ಹಳೇ ಪದಾಧಿಕಾರಿಗಳ ಕಾಲದಾಗ ದೇಣಿಗಿ ಹೆಸರಿನ ಮ್ಯಾಲೆ ರೊಕ್ಕ ಆಕಡೆ ಈಕಡೆ ಆಗಿದ್ರ ನೋಟಿಸು ಬರೂದು ಹೊಸ ಅಧ್ಯಕ್ಷರಿಗೆ.

ಪದಾಧಿಕಾರಿ ಬದಲಾವಣೆನೂ ಆ ಪಕ್ಷದ ಸ್ವಂತ ಸಂವಿಧಾನ ಹೇಳಿದ ಕ್ರಮದಾಗ ಆಗಬೇಕು: ಸಭೆಗೆ ನೋಟಿಸು, ಕೋರಂ, ಚುನಾವಣೆ, ನಡಾವಳಿ, ಆಮ್ಯಾಲೆ ತಡಾ ಮಾಡದ ಆಯೋಗಕ್ಕ ಬರಹದಾಗ ತಿಳಿಸೂದು. ಸ್ಟಾಂಪ್ ಪೇಪರ್ ಮ್ಯಾಲೆ ಕರಾರು ಬರಕೊಂಡು ರೊಕ್ಕ ಎಣಿಸಿದ್ರ ಪಕ್ಷ ಕೈಗೆ ಬರೂದಿಲ್ಲ. ನಾಮಪತ್ರದ ವಾರದಾಗ ಹಳೇ ಅಧ್ಯಕ್ಷರು ‘ಬಿ ನಮೂನೆಗೆ ಸಹಿ ಮಾಡೂ ಹಕ್ಕು ನನ್ನದು’ ಅಂತ ಚುನಾವಣಾಧಿಕಾರಿಗೆ ಒಂದು ಪತ್ರ ಕೊಟ್ರ, ನೀವು ನಿಲ್ಲಿಸಿದ ಅಷ್ಟೂ ಮಂದಿಯ ಚಿಹ್ನೆ ತೂಗುಯ್ಯಾಲೆ. ಅದಕ್ಕ ‘ಎ’ ನಮೂನೆಯಾಗ ಯಾರ ಸಹಿ ನಡೀತೈತಿ ಅನ್ನೂದನ್ನ ಆಯೋಗದ ಕಡತದಾಗ ಕನಿಷ್ಠ ಆರು ತಿಂಗಳು ಮೊದಲ ದಾಖಲು ಮಾಡಿಸಿ, ಸ್ವೀಕೃತಿ ಪ್ರತಿ ಜಿಲ್ಲಾ ಚುನಾವಣಾ ಕಚೇರಿಗೂ ಕೊಟ್ಟಿಡ್ರಿ.